ದುಭಾಷಿಯ ಪಾಡು

ಬಿಟಿಎಂ ಲೇಔಟ್ ಎಂಬ ಹೆಸರಿನೊಳಗೆ ಮೂರು ಊರುಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಬಡಾವಣೆ ಮಾಡಿದವರು ಮೂರನ್ನೂ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿಬಿಟ್ಟರು. ಆದರೆ ಊರುಗಳು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಮಡಿವಾಳದ ಮಾರುಕಟ್ಟೆಗೆ ಹೋಗಿ ನೋಡಿ. ಸೊಪ್ಪಿನವಳು ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ, ಹೂವಿನವಳು ತಮಿಳಿನಲ್ಲಿ ಮೊಳ ಎಣಿಸುತ್ತಾಳೆ, ಹಣ್ಣಿನ ಗಾಡಿಯವರು ಉರ್ದು ಬೆರೆತ ಕನ್ನಡದಲ್ಲಿ ಕರೆಯುತ್ತಾರೆ, ನಾವು ನಮ್ಮ ಕನ್ನಡದಲ್ಲಿ ಚೌಕಾಸಿ ಮಾಡುತ್ತೇವೆ. ಎಲ್ಲೋ ಒಮ್ಮೆ ಮಾತು ಸಿಕ್ಕಿಕೊಂಡರೆ ಪಕ್ಕದಲ್ಲಿ ನಿಂತ ಯಾರೋ ಬಾಯಿ ಹಾಕಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಾರೆ. ಸೊಪ್ಪು ನಮ್ಮ ಚೀಲಕ್ಕೆ ಬೀಳುತ್ತದೆ, ದುಡ್ಡು ಅವಳ ಸಂಚಿಗೆ ಸೇರುತ್ತದೆ. ನಡುವೆ ಮಾತಾಡಿದವರು ಯಾರೆಂದು ಆಮೇಲೆ ಇಬ್ಬರಿಗೂ ನೆನಪಿರುವುದಿಲ್ಲ.

ಇಂಥವರನ್ನು ಹಿಂದೆ ದುಭಾಷಿ ಎನ್ನುತ್ತಿದ್ದರು. ಕಂಪನಿ ಸರ್ಕಾರದ ಕಾಲದಲ್ಲಿ ದುಭಾಷಿಯಿಲ್ಲದೆ ವ್ಯಾಪಾರವೂ ಕುದುರುತ್ತಿರಲಿಲ್ಲ, ಒಪ್ಪಂದವೂ ಆಗುತ್ತಿರಲಿಲ್ಲ. ನಾನೂ ಕೆಲವು ವರ್ಷ ದುಭಾಷಿಯಾಗಿದ್ದೆ. ಮನುಷ್ಯರ ನಡುವೆ ಅಲ್ಲ, ಕಂಪ್ಯೂಟರ್ ಭಾಷೆಗಳ ನಡುವೆ. ಆ ಕಸುಬು ಹೇಗೆ ಹುಟ್ಟಿತು, ಅದನ್ನು ಹಗುರ ಮಾಡಲು ಯಾರು ಯಾರು ಏನು ಮಾಡಿದರು ಎಂಬುದನ್ನು ಇಲ್ಲಿ ಹೇಳುತ್ತೇನೆ. ಕಂಪ್ಯೂಟರ್ ಎಂದೊಡನೆ ಪುಟ ತಿರುಗಿಸಬೇಡಿ. ಒಂದೇ ಅಡುಗೆಮನೆಯಲ್ಲಿ ಪಾವನ್ನೂ ಲೀಟರನ್ನೂ ಬಳಸಿದವರಿಗೆ ಅರ್ಥವಾಗದ್ದು ಇದರಲ್ಲಿ ಏನೂ ಇಲ್ಲ.

ಪಾವು, ಲೀಟರಿನ ಮಾತು ಸುಮ್ಮನೆ ಎತ್ತಲಿಲ್ಲ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ನಯಾಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ಒಂದು ಆಣೆ ಎಂದರೆ ಆರೂಕಾಲು ನಯಾಪೈಸೆ. ಈ ಕಾಲು ಪೈಸೆಯನ್ನು ಎಲ್ಲಿಂದ ತರುವುದು? ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಕೆಲಕಾಲ ಜೊತೆಜೊತೆಗೆ ಓಡಾಡಿದವು. ನಮ್ಮಜ್ಜಿ ಆಣೆಯಲ್ಲಿ ಯೋಚಿಸಿ ಪೈಸೆಯಲ್ಲಿ ಕೊಡುತ್ತಿದ್ದರಂತೆ. 1958ರಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋ ಬಂತು. ಅಷ್ಟಾದರೂ ಅಜ್ಜಿಯ ಪಾವು ನಮ್ಮ ಅಕ್ಕಿ ಡಬ್ಬದಿಂದ ಹೊರಗೆ ಬರಲಿಲ್ಲ. ಬರುವುದಾದರೂ ಹೇಗೆ? ಮನೆಯ ಅಡುಗೆಯ ಅಳತೆಯೆಲ್ಲ ಅವರ ತಲೆಯಲ್ಲಿ ಪಾವಿನಲ್ಲೇ ಇತ್ತು. ಪಾವು ಎಸೆದರೆ ಅದರ ಜೊತೆ ಬಿಸಿಬೇಳೆ ಹುಳಿಯನ್ನನ ಹದವೂ ಹೋಗುತ್ತಿತ್ತು. ಕಂಪ್ಯೂಟರ್ ಲೋಕದಲ್ಲಿ ಆ ಪಾವಿನ ಹೆಸರು ‘ಸಿ’.

ಸಿ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅಮೆರಿಕದ ಬೆಲ್ ಲ್ಯಾಬೊರೇಟರೀಸಿನಲ್ಲಿ ಡೆನಿಸ್ ರಿಚಿ ಎಂಬುವರು 1972ರ ಸುಮಾರಿಗೆ ಅದನ್ನು ರೂಪಿಸಿದರು. ಮರುವರ್ಷ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಅದರಲ್ಲೇ ತಿರುಗಿ ಬರೆದರು. 1978ರಲ್ಲಿ ಬ್ರಯನ್ ಕರ್ನಿಗನ್ ಜೊತೆಗೂಡಿ ರಿಚಿ ಬರೆದ ತೆಳ್ಳನೆಯ ಪುಸ್ತಕ ಬಂತು. ಅದರ ಅಗ್ಗದ ಭಾರತೀಯ ಮುದ್ರಣದಿಂದಲೇ ನಮ್ಮ ಕಾಲದ ಎಷ್ಟೋ ಹುಡುಗ ಹುಡುಗಿಯರು ಸಿ ಕಲಿತರು. ಸಿ ಚಿಕ್ಕ ಭಾಷೆ. ಮಾತು ಕಮ್ಮಿ, ಕೆಲಸ ಚುರುಕು. ಯಂತ್ರಕ್ಕೆ ಬಹಳ ಹತ್ತಿರ. ಹೀಗಾಗಿ ಬ್ಯಾಂಕಿನ ಲೆಕ್ಕದಿಂದ ಹಿಡಿದು ಉಪಗ್ರಹದ ಲೆಕ್ಕದವರೆಗೆ ಲೋಕದ ಕೋಟಿಗಟ್ಟಲೆ ಸಾಲುಗಳು ಅದರಲ್ಲೇ ಬರೆಯಲ್ಪಟ್ಟವು. ರಿಚಿ 2011ರಲ್ಲಿ ತೀರಿಕೊಂಡರು. ಅವರ ಭಾಷೆ ಇವತ್ತಿಗೂ ನಿಮ್ಮ ಕೈಯಲ್ಲಿರುವ ಫೋನಿನೊಳಗೆ ಕೆಲಸ ಮಾಡುತ್ತಿದೆ.

ನಮ್ಮ ದಕ್ಷಿಣ ಬೆಂಗಳೂರಿಗೆ ಈ ಕಸುಬು ಬಂದದ್ದು ದೊಡ್ಡ ಗಾಜಿನ ಕಟ್ಟಡಗಳ ಮೂಲಕವಲ್ಲ, ಮನೆಗಳ ಮೂಲಕ. 1983ರಲ್ಲಿ ಪುಣೆಯಿಂದ ಇನ್ಫೋಸಿಸ್ ಇಲ್ಲಿಗೆ ಬಂದಾಗ ಜಯನಗರದಲ್ಲಿ ಬಾಡಿಗೆ ಮನೆ ಹಿಡಿದದ್ದನ್ನು ಸುಧಾ ಮೂರ್ತಿಯವರೇ ಬರೆದಿದ್ದಾರೆ. ತೊಂಬತ್ತರ ದಶಕದಲ್ಲಿ ಜಯನಗರ, ಬನಶಂಕರಿಗಳಲ್ಲಿ ಕಂಪ್ಯೂಟರ್ ತರಬೇತಿಯ ಬೋರ್ಡುಗಳು ಎದ್ದವು. ಮದುವೆಗೆ ಕಾದಿದ್ದ ಎಷ್ಟೋ ಹುಡುಗಿಯರು ‘ಸುಮ್ಮನೆ ಕೂತಿರುವ ಬದಲು’ ಎಂದುಕೊಂಡು ಆ ಮೆಟ್ಟಿಲು ಹತ್ತಿದರು. ನಾನೂ ಹತ್ತಿದೆ. ಆಮೇಲೆ ಬಿಟಿಎಂ ಲೇಔಟಿನ ಒಂದು ಮನೆಯ ಮಹಡಿಯಲ್ಲಿದ್ದ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು.

ಆ ಕಂಪನಿಯ ಬಂಡವಾಳವೆಲ್ಲ ಒಬ್ಬ ರಾಯರು ಬರೆದ ಹನ್ನೊಂದು ಸಾವಿರ ಸಾಲುಗಳ ಸಿ ಕಾರ್ಯಕ್ರಮ. ರಾಯರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು. ಗಿರಣಿಯ ಯಂತ್ರ ತಿರುಗುವಾಗ ಅದರ ಬೇರಿಂಗು ಎಷ್ಟು ನಡುಗುತ್ತದೆ ಎಂದು ಅಳೆದು, ಆ ನಡುಕದ ಲೆಕ್ಕದಿಂದ ಬೇರಿಂಗು ಯಾವಾಗ ಕೈಕೊಡಬಹುದೆಂದು ಹೇಳುವುದು ಅದರ ಕೆಲಸ. ಹೇಳಿದ್ದು ತಪ್ಪಿದರೆ ಯಂತ್ರ ಮುರಿಯುವುದಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಕೈಕಾಲಿಗೂ ಅಪಾಯ. ಹತ್ತು ವರ್ಷ ಹಲವು ಗಿರಣಿಗಳಲ್ಲಿ ತಿಕ್ಕಿ ತೀಡಿ ನಂಬಿಕೆ ಗಳಿಸಿದ ಲೆಕ್ಕ ಅದು.

1999ರ ಹೊತ್ತಿಗೆ ಎಲ್ಲರ ಬಾಯಲ್ಲೂ ಜಾವಾ. 1995ರಲ್ಲಿ ಬಂದ ಆ ಹೊಸ ಭಾಷೆಯಲ್ಲಿ ಅಂದವಾದ ಪರದೆಗಳನ್ನು ಮಾಡಬಹುದಿತ್ತು, ಯಾವ ಕಂಪ್ಯೂಟರಿನಲ್ಲಾದರೂ ಓಡಿಸಬಹುದಿತ್ತು. ಗಿರಾಕಿಗಳು ಕೇಳಿದರು, ಯಜಮಾನರು ಒಪ್ಪಿದರು. ರಾಯರ ಲೆಕ್ಕವನ್ನೂ ಜಾವಾದಲ್ಲಿ ಹೊಸದಾಗಿ ಬರೆಯಲು ಇಬ್ಬರು ಹುಡುಗರನ್ನು ಕೂರಿಸಿದರು. ಮೂರು ತಿಂಗಳಾದ ಮೇಲೆ ಹೊಸ ಲೆಕ್ಕದ ಉತ್ತರ ಹಳೆಯದಕ್ಕಿಂತ ಚೂರು ಬೇರೆ ಬಂತು. ದಶಾಂಶದ ಬಿಂದುವಿನಾಚೆ ನಾಲ್ಕನೆಯ ಅಂಕೆಯಲ್ಲಿ ವ್ಯತ್ಯಾಸ. ಯಾವುದು ಸರಿ ಎಂದು ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ರಾಯರ ಸಾಲುಗಳ ನಡುವೆ ಒಂದು ಕಡೆ ‘ಇದನ್ನು ತೆಗೆಯಬೇಡಿ’ ಎಂದು ಬರೆದಿತ್ತು. ಹುಡುಗರಿಗೆ ಅದು ಬೇಡದ ಸಾಲಾಗಿ ಕಂಡಿತ್ತು. ರಾಯರನ್ನು ಕೇಳಿದಾಗ ಅವರು ನಕ್ಕು, “ನೋಡಮ್ಮ, ಹಳೆಯ ಒಂದು ಜಾತಿಯ ಅಳತೆಯಂತ್ರ ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು ತೋರಿಸುತ್ತದೆ. ಅದಕ್ಕೆ ಆ ಸಾಲು. ಇನ್ನೂ ನಾಲ್ಕು ಗಿರಣಿಯಲ್ಲಿ ಆ ಯಂತ್ರವೇ ಇದೆ” ಎಂದರು.

ಹಳೆಯ ಕಾರ್ಯಕ್ರಮವೆಂದರೆ ಹೀಗೆ. ಅದು ಬರಿಯ ಸಾಲುಗಳಲ್ಲ, ಪೆಟ್ಟು ತಿಂದು ಕಲಿತ ಬುದ್ಧಿ. ಹೊಸದಾಗಿ ಬರೆದರೆ ಸಾಲುಗಳು ಬರುತ್ತವೆ, ಪೆಟ್ಟು ಮತ್ತೆ ತಿನ್ನಬೇಕಾಗುತ್ತದೆ. ಕೊನೆಗೆ ಲೆಕ್ಕ ರಾಯರ ಸಿಯಲ್ಲೇ ಇರಲಿ, ಪರದೆ ಮಾತ್ರ ಜಾವಾದಲ್ಲಿರಲಿ ಎಂದಾಯಿತು. ಎರಡನ್ನೂ ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಭಾಷೆ ಮಾತಾಡಿಸುವುದು ಏಕೆ ಕಷ್ಟ ಎಂದು ಕೇಳುತ್ತೀರಿ. ಪ್ರತಿ ಮನೆಗೂ ಒಂದು ಪದ್ಧತಿ ಇರುತ್ತದಲ್ಲ, ಬಂದವರು ಚಪ್ಪಲಿ ಎಲ್ಲಿ ಬಿಡಬೇಕು, ತಂದ ಹಣ್ಣನ್ನು ಯಾರ ಕೈಗೆ ಕೊಡಬೇಕು ಎಂದು. ಸಿಯಲ್ಲಿ ಬರೆದ ಒಂದು ತುಣುಕನ್ನು ಕೆಲಸಕ್ಕೆ ಕರೆಯುವುದಕ್ಕೂ ಹಾಗೆಯೇ ಕಟ್ಟುನಿಟ್ಟಿನ ಪದ್ಧತಿ ಇದೆ. ಕೊಡುವ ಸಂಖ್ಯೆಗಳನ್ನು ಯಂತ್ರದ ಯಾವ ಗೂಡಿನಲ್ಲಿ ಇಡಬೇಕು, ಉತ್ತರವನ್ನು ಯಾವ ಗೂಡಿನಿಂದ ಎತ್ತಿಕೊಳ್ಳಬೇಕು ಎಂಬುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ಜಾವಾ ಮನೆಯ ಪದ್ಧತಿಯೇ ಬೇರೆ. ಅಲ್ಲಿ ಒಬ್ಬ ಕಸ ಗುಡಿಸುವವನಿದ್ದಾನೆ. ಯಾರೂ ಬಳಸದ ಸಾಮಾನನ್ನು ತಾನೇ ತೆಗೆದುಹಾಕುತ್ತಾನೆ, ಬಳಸುತ್ತಿರುವುದನ್ನೂ ಜಾಗ ಮಾಡಲೆಂದು ಆಚೀಚೆ ಸರಿಸುತ್ತಾನೆ. ಸಿಗೆ ಅಂಥ ಆಳು ಇಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ ಎಂದು ಅದು ನಂಬುತ್ತದೆ. ಜಾವಾದ ಸಂಖ್ಯೆಗಳ ಸಾಲನ್ನು ಸಿ ಓದುತ್ತಿರುವಾಗಲೇ ಗುಡಿಸುವವನು ಅದನ್ನು ಸರಿಸಿದರೆ? ಅದಕ್ಕೇ ಮೊದಲು ‘ಇದನ್ನು ನನಗೆ ಕೊಡು’ ಎಂದು ಕೇಳಿ ಪಡೆಯಬೇಕು. ಕೆಲವೊಮ್ಮೆ ಮೂಲವೇ ಸಿಗುತ್ತದೆ, ಕೆಲವೊಮ್ಮೆ ಅದರ ನಕಲು. ಕೆಲಸವಾದ ಮೇಲೆ ‘ತಗೋ’ ಎಂದು ಹಿಂದಿರುಗಿಸಬೇಕು. ಪಕ್ಕದ ಮನೆಯಿಂದ ಸಾರು ಬಂದ ಪಾತ್ರೆ ಹಿಂದಿರುಗಿಸಿದ ಹಾಗೆ. ಹಿಂದಿರುಗಿಸದಿದ್ದರೆ ಪಾತ್ರೆಗಳು ನಮ್ಮಲ್ಲೇ ಪೇರುತ್ತಾ ಹೋಗಿ ಒಂದು ದಿನ ಜಾಗವೇ ಇರುವುದಿಲ್ಲ.

ಇದಕ್ಕೆಲ್ಲ 1997ರಲ್ಲಿ ಜಾವಾದವರು ಒಂದು ವಿಧಿ ಹಾಕಿಕೊಟ್ಟಿದ್ದರು. ಆ ವಿಧಿಯಂತೆ ರಾಯರ ಒಂದೊಂದು ತುಣುಕಿಗೂ ಒಂದೊಂದು ದುಭಾಷಿ ತುಣುಕು ಬರೆಯಬೇಕು. ರಾಯರದು ನೂರಾ ನಲವತ್ತು ತುಣುಕು. ನಾನು ನೂರಾ ನಲವತ್ತು ದುಭಾಷಿಗಳನ್ನು ಬರೆದೆ. ಇಂಥ ಬರಹಕ್ಕೆ ನಮ್ಮ ಕಸುಬಿನಲ್ಲಿ ‘ಗ್ಲೂ ಕೋಡ್’ ಎನ್ನುತ್ತಾರೆ, ಎಂದರೆ ಅಂಟು. ಹೊಸ ಪರದೆ ಬಿಡುಗಡೆಯಾದ ದಿನ ಪರದೆ ಮಾಡಿದ ಹುಡುಗರಿಗೆ ಹಾರ, ರಾಯರಿಗೆ ಶಾಲು. ಎರಡೂ ನ್ಯಾಯವೇ. ಅಂಟಿನ ಹೆಸರು ಯಾರೂ ಎತ್ತಲಿಲ್ಲ. ಆ ವರ್ಷದ ಸಂಬಳದ ಪತ್ರದಲ್ಲಿ ನನ್ನ ಕೆಲಸದ ಎದುರು ‘ಸಹಾಯ’ ಎಂದು ಬರೆದಿತ್ತು. ಅಂಟು ಕಾಣಿಸಿದರೆ ಅದು ಕೆಟ್ಟ ಅಂಟು, ಕಾಣಿಸದಿದ್ದರೆ ಇಲ್ಲವೇ ಇಲ್ಲ. ಸಂಸಾರದಲ್ಲಿ ಗಂಡನ ಮಾತನ್ನು ಮಗನಿಗೆ, ಮಗನ ಮಾತನ್ನು ಗಂಡನಿಗೆ ಹದಮಾಡಿ ದಾಟಿಸಿದ ಹೆಂಗಸರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಈ ಪಾಡು ನನ್ನೊಬ್ಬಳದಲ್ಲ ಎಂದು ಆಮೇಲೆ ತಿಳಿಯಿತು. 1991ರಲ್ಲಿ ಗೀಡೊ ವಾನ್ ರೋಸಮ್ ಹೊರತಂದ ಪೈಥಾನ್ ಇಷ್ಟು ಬೆಳೆದದ್ದರ ಹಿಂದೆ ಸಿಯಲ್ಲಿ ಬರೆದ ಅಂಟಿನ ದೊಡ್ಡ ರಾಶಿಯೇ ಇದೆ. 1995ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿದ್ದ ಡೇವಿಡ್ ಬೀಜ್ಲಿ ಈ ಅಂಟನ್ನು ತಾನೇ ಬರೆಯುವ ಸ್ವಿಗ್ ಎಂಬ ಉಪಕರಣ ಮಾಡಲು ಹೊರಟರು. ಅಂಟಿನ ಕೆಲಸದಲ್ಲಿ ಕೈಸೋತವರು ಎಲ್ಲ ಕಡೆಯೂ ಇದ್ದರು ಎಂದಾಯಿತು. ಆದರೆ ಸ್ವಿಗ್ಗೂ ದುಭಾಷಿಯನ್ನು ಬೇಗ ತಯಾರಿಸುತ್ತಿತ್ತೇ ಹೊರತು ದುಭಾಷಿಯೇ ಬೇಡ ಎನ್ನುತ್ತಿರಲಿಲ್ಲ.

ದುಭಾಷಿ ಏಕೆ ಬೇಕು, ಹೊಸ ಭಾಷೆಯೇ ಹಳೆಯ ಮನೆಯ ಪದ್ಧತಿ ಕಲಿತು ಬರಲಿ ಎಂದು ಯೋಚಿಸಿದವರಲ್ಲಿ ಜೂಲಿಯಾ ಎಂಬ ಭಾಷೆಯನ್ನು ಕಟ್ಟಿದವರೂ ಸೇರುತ್ತಾರೆ. ಜೆಫ್ ಬೆಜಾನ್ಸನ್, ಸ್ಟೆಫಾನ್ ಕಾರ್ಪಿನ್ಸ್ಕಿ, ವಿರಲ್ ಶಾ, ಆಲನ್ ಎಡಲ್ಮನ್ ಎಂಬ ನಾಲ್ವರು 2009ರಲ್ಲಿ ಇದನ್ನು ಶುರುಮಾಡಿದರು. ಇವರಲ್ಲಿ ವಿರಲ್ ಶಾ ಅವರಿಗೆ ನಮ್ಮ ಬೆಂಗಳೂರಿನ ನಂಟು. ನಂದನ್ ನಿಲೇಕಣಿಯವರ ಮುಂದಾಳತ್ವದ ಆಧಾರ್ ಯೋಜನೆಯಲ್ಲಿ ದುಡಿದವರು, 2015ರಲ್ಲಿ ನಿಲೇಕಣಿಯವರ ಜೊತೆ ಸರ್ಕಾರದ ಕೆಲಸಗಳಲ್ಲಿ ತಂತ್ರಜ್ಞಾನದ ಪಾತ್ರ ಕುರಿತು ಪುಸ್ತಕ ಬರೆದವರು. ಅದೇ 2015ರಲ್ಲಿ ಗೆಳೆಯರೊಡನೆ ಅವರು ಸ್ಥಾಪಿಸಿದ ಜೂಲಿಯಾ ಕಂಪ್ಯೂಟಿಂಗ್ ಸಂಸ್ಥೆ ಅಮೆರಿಕದ ಬಾಸ್ಟನ್ನಿನಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲೂ ಕಚೇರಿ ಇಟ್ಟಿತು. 2012ರ ಫೆಬ್ರುವರಿಯಲ್ಲಿ ಲೋಕಕ್ಕೆ ತೋರಿಸಿದ ಭಾಷೆ 2018ರ ಆಗಸ್ಟಿನಲ್ಲಿ ಪೂರ್ಣರೂಪಕ್ಕೆ ಬಂತು. 2019ರಲ್ಲಿ ಬೆಜಾನ್ಸನ್, ಕಾರ್ಪಿನ್ಸ್ಕಿ, ಶಾ ಮೂವರಿಗೂ ಜೇಮ್ಸ್ ವಿಲ್ಕಿನ್ಸನ್ ಪ್ರಶಸ್ತಿ ಸಿಕ್ಕಿತು.

ಜೂಲಿಯಾವನ್ನು ನಾನು ಮೊದಲು ಕಂಡದ್ದು ನನ್ನ ಅಣ್ಣನ ಮಗಳ ಕಂಪ್ಯೂಟರಿನಲ್ಲಿ. ಅವಳು ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಳೆನೀರು ರಾಜಕಾಲುವೆಗಳಲ್ಲಿ ಹೇಗೆ ಹರಿಯುತ್ತದೆ ಎಂಬ ಲೆಕ್ಕ ಮಾಡುತ್ತಾಳೆ. ಜೋರು ಮಳೆ ಬಂದರೆ ನಮ್ಮ ಬಿಟಿಎಂ ಕಡೆಯ ರಸ್ತೆಗಳು ಏನಾಗುತ್ತವೆ ಎಂದು ಬಲ್ಲವರಿಗೆ ಆ ಲೆಕ್ಕದ ಬೆಲೆ ಗೊತ್ತು. ಅವಳಿಗೂ ಯಾರೋ ಹಿರಿಯರು ತೊಂಬತ್ತರ ದಶಕದಲ್ಲಿ ಸಿಯಲ್ಲಿ ಬರೆದಿಟ್ಟ ಲೆಕ್ಕವೊಂದನ್ನು ಬಳಸಬೇಕಾಗಿತ್ತು.

“ನಡುವೆ ಅಂಟು ಬರೆದೆಯೇನೇ?” ಎಂದೆ.

“ಎಂಥ ಅಂಟು ಅತ್ತೆ? ಇದೊಂದು ಸಾಲು ಸಾಕು” ಎಂದಳು.

ಒಂದೇ ಸಾಲು. ಅದಕ್ಕೆ ಸಿಕಾಲ್ ಎಂದು ಹೆಸರು. ಯಾವ ಭಂಡಾರದಲ್ಲಿ ಯಾವ ತುಣುಕನ್ನು ಕರೆಯಬೇಕು, ಅದು ಏನನ್ನು ಹಿಂದಿರುಗಿಸುತ್ತದೆ, ಅದಕ್ಕೆ ಏನೇನು ಕೊಡಬೇಕು ಎಂದಷ್ಟೇ ಬರೆದರೆ ಮುಗಿಯಿತು. ಉಳಿದದ್ದನ್ನು ಜೂಲಿಯಾ ಆ ಕ್ಷಣದಲ್ಲೇ ಯಂತ್ರದ ಮಾತಿಗೆ ಇಳಿಸುತ್ತದೆ. ಸಿ ತನ್ನ ಮನೆಯವರನ್ನೇ ಹೇಗೆ ಕರೆಯುತ್ತದೋ ಹಾಗೆಯೇ ಜೂಲಿಯಾವೂ ಕರೆಯುತ್ತದೆ, ನಡುವೆ ಮೂರನೆಯವರಿಲ್ಲ. ಇನ್ನೂ ಒಂದು ಸಂಗತಿ ನನಗೆ ಹಿಡಿಸಿತು. ಜೂಲಿಯಾದ ಗುಡಿಸುವವನು ಬೇಡದ್ದನ್ನು ಎಸೆಯುತ್ತಾನೆ, ಇರುವುದನ್ನು ಸರಿಸುವುದಿಲ್ಲ. ಸಂಖ್ಯೆಗಳ ಕೋಷ್ಟಕವನ್ನು 1957ರ ಫೋರ್ಟ್ರಾನ್ ಭಾಷೆಯಂತೆ ಕಂಬಸಾಲಾಗಿಯೇ ಜೋಡಿಸುತ್ತದೆ. ಹಾಗಾಗಿ ಆ ಮುದುಕ ಭಾಷೆಯಲ್ಲಿ ಬರೆದ ಗಣಿತವನ್ನೂ ನಕಲು ಮಾಡದೆ ನೇರ ಬಳಸಬಹುದು. ದೊಡ್ಡ ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆ, ಸಮೀಕರಣ ಬಿಡಿಸುವುದಕ್ಕೆ ಜೂಲಿಯಾ ಹಳೆಯ ಸಿ, ಫೋರ್ಟ್ರಾನ್ ಭಂಡಾರಗಳನ್ನೇ ನೆಚ್ಚಿಕೊಂಡಿದೆ. ಅದರ ಒಡಲಿನ ಒಂದು ದೊಡ್ಡ ಭಾಗ ಸಿಯಲ್ಲೇ ಬರೆದದ್ದು. ಹಳೆಯದನ್ನು ಹೊತ್ತೇ ಅದು ಹೊಸದಾಗಿದೆ.

ಹಾಗೆಂದು ಎಲ್ಲ ಸಲೀಸು ಎಂದುಕೊಳ್ಳಬೇಡಿ. ದುಭಾಷಿ ಇಲ್ಲದ ಕಡೆ ತಪ್ಪು ಹಿಡಿಯುವವರೂ ಇಲ್ಲ. ಆ ಒಂದು ಸಾಲಿನಲ್ಲಿ ಲೀಟರ್ ಎನ್ನುವ ಕಡೆ ಪಾವು ಎಂದು ಬರೆದರೆ ಜೂಲಿಯಾ ನಂಬಿಬಿಡುತ್ತದೆ. ಉತ್ತರ ಸುಳ್ಳಾಗಬಹುದು, ಇಲ್ಲವೇ ಇಡೀ ಕಾರ್ಯಕ್ರಮ ಕುಸಿದು ಬೀಳಬಹುದು. ಎಣಿಕೆಯೂ ಬೇರೆ. ಸಿ ಸೊನ್ನೆಯಿಂದ ಎಣಿಸುತ್ತದೆ, ಜೂಲಿಯಾ ಒಂದರಿಂದ. ನಮ್ಮಲ್ಲಿ ನೆಲಮಹಡಿ ಎನ್ನುವುದನ್ನು ಅಮೆರಿಕದವರು ಮೊದಲ ಮಹಡಿ ಎನ್ನುತ್ತಾರಲ್ಲ, ಹಾಗೆ. ಸಿ ತುಣುಕು ತನ್ನ ಕೆಲಸ ಮುಗಿದ ಮೇಲೂ ಜೂಲಿಯಾದ ಸಾಮಾನನ್ನು ಕೈಯಲ್ಲೇ ಹಿಡಿದುಕೊಳ್ಳುವುದಾದರೆ, ಅಲ್ಲಿಯವರೆಗೆ ಎಸೆಯಬೇಡ ಎಂದು ಗುಡಿಸುವವನಿಗೆ ಬೇರೆಯಾಗಿ ಹೇಳಿರಬೇಕು. ಎಂದರೆ ಎರಡೂ ಮನೆಯ ಪದ್ಧತಿ ಬಲ್ಲವರು ಈಗಲೂ ಬೇಕು. ಕೂಲಿ ಕಮ್ಮಿಯಾಗಿದೆ, ವಿವೇಕದ ಅಗತ್ಯ ಕಮ್ಮಿಯಾಗಿಲ್ಲ.

ಆ ಒಂದು ಸಾಲು ನೋಡಿದಾಗ ನನಗೆ ಸಂತೋಷವಾಯಿತು, ಒಳಗೆ ಎಲ್ಲೋ ಚುರುಕ್ ಎಂದಿತು ಕೂಡ. ನನ್ನ ನೂರಾ ನಲವತ್ತು ದುಭಾಷಿಗಳು ಹದಿನಾಲ್ಕು ತಿಂಗಳ ದುಡಿಮೆ. ಅದೆಲ್ಲ ಒಂದು ಸಾಲಿಗೆ ಇಳಿಯಿತೇ ಎಂದು. ಆದರೆ ಯೋಚಿಸಿದಂತೆಲ್ಲ ಬೇರೆಯೇ ಅನ್ನಿಸಿತು. ನನ್ನಂಥ ಸಾವಿರಾರು ಜನ ಅಂಟು ಬರೆದು ಬರೆದು, ಎಲ್ಲಿ ಒಡೆಯುತ್ತದೆ, ಎಲ್ಲಿ ಸೋರುತ್ತದೆ ಎಂದು ಕಂಡುಕೊಂಡದ್ದರಿಂದಲೇ ಆಮೇಲೆ ಬಂದವರಿಗೆ ಅದು ಭಾಷೆಯ ಬೇರಿನಲ್ಲೇ ಇರಬೇಕಾದ ಗುಣ ಎಂದು ಹೊಳೆದಿರಬೇಕು. ಒರಳಲ್ಲಿ ರುಬ್ಬಿ ತೋಳು ನೋಯಿಸಿಕೊಂಡವರಿದ್ದರಿಂದಲೇ ಅಲ್ಲವೇ ಗ್ರೈಂಡರ್ ಬಂದದ್ದು?

ಎಲ್ಲ ಕಡೆ ಹೀಗೆ ಸುಖಾಂತವಾಗಿಲ್ಲ. ಸಿಯಲ್ಲೇ ಬೆಳೆದ ಲಿನಕ್ಸ್ ಕಾರ್ಯವ್ಯವಸ್ಥೆಗೆ 2022ರ ಡಿಸೆಂಬರಿನಲ್ಲಿ ರಸ್ಟ್ ಎಂಬ ಹೊಸ ಭಾಷೆಯನ್ನು ಸೇರಿಸಿಕೊಂಡರು. ಸ್ಮರಣೆಯ ತಪ್ಪುಗಳನ್ನು ಮೊದಲೇ ಹಿಡಿಯುವ ಜಾಣ ಭಾಷೆ ಅದು. ಆದರೆ ಹಳಬರಿಗೂ ಹೊಸಬರಿಗೂ ಜಗಳ ಹತ್ತಿತು. ನಮ್ಮ ಸಿ ಬದಲಾದರೆ ನಿಮ್ಮ ರಸ್ಟ್ ಒಡೆಯುತ್ತದೆ, ಅದನ್ನು ಸರಿಮಾಡುವವರು ಯಾರು ಎಂಬುದು ಜಗಳದ ಮೂಲ. 2024ರಲ್ಲಿ, ಎರಡನ್ನೂ ಬೆಸೆಯಲು ವರ್ಷಗಟ್ಟಲೆ ದುಡಿದ ಮುಂದಾಳೊಬ್ಬರು ಬೇಸತ್ತು ಕೆಲಸ ಬಿಟ್ಟರು. ಅವರು ಬೇಸತ್ತದ್ದು ತಂತ್ರದ ತೊಡಕಿನಿಂದಲ್ಲ, ಮನುಷ್ಯರ ತೊಡಕಿನಿಂದ. ನಡುವೆ ನಿಂತವರು ಮೊದಲು ಸುಸ್ತಾಗುತ್ತಾರೆ.

ಹೊಸದು ಬಂದಾಗ ಹಳೆಯದರೊಡನೆ ಮಾತಾಡುವ ಭಾರವನ್ನು ಹೊಸದೇ ಹೊರಬೇಕು, ನಡುವಿನವರ ಹೆಗಲಿಗೆ ಹಾಕಬಾರದು ಎಂಬುದು ಈ ಚರಿತ್ರೆಯಿಂದ ನಾನು ಕಲಿತ ಪಾಠ. ‘ಹಾಗಾದರೆ ಸೊಸೆಯೇ ಎಲ್ಲ ಕಲಿಯಲಿ ಎಂದ ಹಾಗಾಯಿತಲ್ಲ’ ಎಂದು ನೀವು ಕೇಳಬಹುದು. ಇಲ್ಲ. ಭಾಷೆಗೆ ಹೇಳುವ ಮಾತನ್ನು ಸೊಸೆಗೆ ಹೇಳಬಾರದು. ಸಿ ಇನ್ನು ಬದಲಾಗಲಾರದು, ಅದರ ರಾಯರುಗಳಲ್ಲಿ ಹಲವರು ಈಗಿಲ್ಲ. ಮನುಷ್ಯರು ಬದುಕಿರುವವರೆಗೂ ಬದಲಾಗಬಲ್ಲರು. ಮನೆಯಲ್ಲಿ ಎರಡೂ ಕಡೆಯವರು ಕಲಿಯಬೇಕು, ಆಗ ದುಭಾಷಿಗೆ ಬಿಡುವು ಸಿಗುತ್ತದೆ.

ಚರಿತ್ರೆ ಬರೆಯುವವರು ಹಳೆಯದನ್ನು ಕಟ್ಟಿದವರ ಹೆಸರು ಬರೆಯುತ್ತಾರೆ, ಹೊಸದನ್ನು ಕಟ್ಟಿದವರ ಹೆಸರು ಬರೆಯುತ್ತಾರೆ. 1957ರಲ್ಲಿ ಐಬಿಎಂ ಸಂಸ್ಥೆ ಫೋರ್ಟ್ರಾನ್ ಹೊರತಂದಾಗ ಜಾನ್ ಬ್ಯಾಕಸ್ ಅವರ ಹೆಸರು ಮನೆಮಾತಾಯಿತು. ಮನುಷ್ಯರು ಬರೆದ ಸೂತ್ರವನ್ನು ಯಂತ್ರದ ಮಾತಿಗೆ ಇಳಿಸುವ ಆ ತಂಡದಲ್ಲಿ ಲೋಯಿಸ್ ಹೇಬ್ಟ್ ಎಂಬ ಒಬ್ಬಳೇ ಹುಡುಗಿ ಇದ್ದಳು, ಕಾಲೇಜು ಮುಗಿಸಿ ಎರಡು ವರ್ಷವಷ್ಟೇ ಆಗಿತ್ತು. ಕಾರ್ಯಕ್ರಮದ ಹರಿವು ಯಾವ ದಾರಿಯಲ್ಲಿ ಎಷ್ಟು ಸಲ ಹೋಗುತ್ತದೆ ಎಂದು ಅಳೆಯುವ ಭಾಗ ಅವಳ ಕೈಯದು. ಅವಳ ಹೆಸರು ಬಲ್ಲವರು ಕಡಿಮೆ. ಇನ್ನು ಬಿಟಿಎಂ ಲೇಔಟಿನ ಮಹಡಿಗಳ ಮೇಲೆ ಅಂಟು ಬರೆದವರನ್ನು ಕೇಳುವವರು ಯಾರು? ಅವರಲ್ಲಿ ಬಹಳ ಜನ ಹೆಂಗಸರಿದ್ದರು. ಮಗುವಿನ ಶಾಲೆ ಬಿಡುವ ಹೊತ್ತಿಗೆ ಗಡಿಯಾರ ನೋಡುತ್ತಾ, ಯಾರದೋ ಹಳೆಯ ಲೆಕ್ಕ ಯಾರದೋ ಹೊಸ ಪರದೆಯ ಮೇಲೆ ಸರಿಯಾಗಿ ಮೂಡುವಂತೆ ನೋಡಿಕೊಂಡರು. ರಾಯರ ಲೆಕ್ಕ ನಂಬಿದ ಗಿರಣಿಗಳಲ್ಲಿ ಬೇರಿಂಗು ಮುರಿಯುವ ಮುಂಚೆಯೇ ಯಂತ್ರ ನಿಂತಿತು. ಅಲ್ಲಿ ನಿಂತಿದ್ದವರ ಕೈಗಳು ಇವತ್ತಿಗೂ ನೆಟ್ಟಗಿವೆ.